ಕಣ್ಣೆತ್ತದ ಮೆಡೂಸಾ

ಶಾರೀಕ್ ಮೊದಲ ಸಲ ನನ್ನ ಕ್ಯೂಬಿಕಲ್ಲಿಗೆ ಬಂದಾಗ ನಾನು ಒಂದು ಹಾವಿಗೆ ಬಣ್ಣ ತುಂಬುತ್ತಿದ್ದೆ. ಹಾವು ಮೆಡೂಸಾ ಎಂಬ ಗ್ರೀಕ್ ರಾಕ್ಷಸಿಯ ಹಣೆಯ ಮೇಲೆ ಮುಂಗುರುಳಾಗಿ ಇಳಿದಿತ್ತು. ಅದಕ್ಕೆ ಎಳೆಹಸಿರು ಕೊಡಲೋ ಬೂದು ಬಣ್ಣ ಕೊಡಲೋ ಎಂದು ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದೆ.

"ಹಾಯ್, ಐ ಆಮ್ ಶಾರೀಕ್. ನ್ಯೂ ಎಂಜಿನಿಯರ್," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದೆ. ಎತ್ತರದ ಆಳು, ಗರಿಗರಿ ಇಸ್ತ್ರಿಯ ಅಂಗಿ, ನೀರು ಹಚ್ಚಿ ಬಾಚಿದ ಕೂದಲು. ಮಾತಾಡುತ್ತಿದ್ದದ್ದು ನನ್ನ ಜೊತೆ, ನೋಡುತ್ತಿದ್ದದ್ದು ನನ್ನ ಕೀಬೋರ್ಡನ್ನು. ನಾನು ಮೆಹ್ರೀನ್ ಎಂದೆ. ಅವನು ಕೀಬೋರ್ಡಿಗೆ "ನೈಸ್ ಟು ಮೀಟ್ ಯೂ" ಎಂದ. ನನಗೆ ಮೈ ಉರಿಯಿತು. ಪರದೆಯ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿಕೊಂಡೆ.

"ಒಳ್ಳೆ ಕೋಣ. ಮಿನೋಟಾರ್‌ಗೆ ಇವನನ್ನೇ ಮಾಡೆಲ್ ಮಾಡ್ಕೋಬಹುದು."

"ಮಿನೋಟಾರಂದು ಗೂಳಿ ತಲಿ ಅಲ್ರೀ?" ಎಂದ ಅವನು, ಅದೇ ಕೀಬೋರ್ಡಿಗೆ. "ಕೋಣಂದಲ್ಲ."

ನನ್ನ ಕೈಯಲ್ಲಿದ್ದ ಮೌಸು ಅಲ್ಲಿಯೇ ನಿಂತಿತು. ಹಾವು ಅರ್ಧ ಹಸಿರಾಗಿ ಉಳಿಯಿತು.

"ನೀವು ಕನ್ನಡದೋರಾ?"

"ಹುಬ್ಬಳ್ಳ್ಯಾಂವ್ರೀ. ನೀವು ಮೈಸೂರು ಕಡ್ಯಾವ್ರಿರಬೇಕು. ಬೈದ್ರೂ ಮೆತ್ತಗ ಬೈತೀರಿ."

ನಗು ತಡೆಯಲು ತುಟಿ ಕಚ್ಚಿದೆ. ಅವನೂ ನಕ್ಕನೆಂದು ಕಾಣುತ್ತದೆ. ಆದರೆ ಆ ನಗುವೂ ಕೀಬೋರ್ಡಿಗೇ ಸಂದಿತು.

ಅದು ಅಮೆರಿಕದ ಸನ್ನಿವೇಲ್‌ನಲ್ಲಿ ಯಾರು ಏನು ಮಾಡಿದರೂ ಅದರ ಕೊನೆಗೊಂದು ಡಾಟ್ ಕಾಮ್ ಅಂಟಿಸುತ್ತಿದ್ದ ಕಾಲ, ತೊಂಬತ್ತೊಂಬತ್ತರ ಬೇಸಿಗೆ. ನಾಯಿ ಬಿಸ್ಕತ್ತಿಗೊಂದು ಕಂಪನಿ, ಶೂ ಲೇಸಿಗೊಂದು ಕಂಪನಿ. ನಮ್ಮದು ಪ್ರಾಚೀನ ಗ್ರೀಸಿನ ರಾಕ್ಷಸರ ಕಂಪನಿ. ಶಾಲೆಯ ಮಕ್ಕಳು ಇಂಟರ್ನೆಟ್ಟಿನಲ್ಲಿ ಆಡುತ್ತಾಡುತ್ತ ಗ್ರೀಕರ ಪುರಾಣ ಕಲಿಯಬೇಕು ಎಂಬುದು ಉದ್ದೇಶ. ರಾಕ್ಷಸರ ಚಿತ್ರ ಬರೆಯುವವಳು ನಾನು. ಅವರು ಓಡಾಡುವಂತೆ, ಕಣ್ಣು ಹೊರಳಿಸುವಂತೆ, ಕೊನೆಗೆ ಸಾಯುವಂತೆ ಪ್ರೋಗ್ರಾಮು ಬರೆಯಲು ಬಂದವನು ಶಾರೀಕ್. ಹಾಗಾಗಿ ದಿನದ ಅರ್ಧ ಹೊತ್ತು ನಾವಿಬ್ಬರೂ ಒಂದೇ ಮಾನಿಟರಿನ ಮುಂದೆ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು ಅನಿವಾರ್ಯವಾಯಿತು.

ನನ್ನ ಮುಖದ ವಿಷಯ ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕಥೆ ಹೇಳುವುದು ನನಗೆ ಬರುವುದಿಲ್ಲ. ನನಗೆ ತೊನ್ನು ಇದೆ. ಎಡಗಣ್ಣಿನ ಸುತ್ತ ಶುರುವಾಗಿ ಕೆನ್ನೆಯ ಉದ್ದಕ್ಕೆ ಇಳಿದ ಬಿಳಿ, ತುಟಿಯ ಅಂಚಿನಲ್ಲಿ ಇನ್ನೊಂದು ಚಿಕ್ಕದು. ಹೈಸ್ಕೂಲಿನಲ್ಲಿದ್ದಾಗ ಬಂದದ್ದು, ಆಮೇಲೆ ಹೋಗಲಿಲ್ಲ. ಮೈಸೂರಿನಲ್ಲಿ ಜನ ನೇರವಾಗಿ ನೋಡುತ್ತಿದ್ದರು. ನೋಡಿ, ಮೀನು ತಿಂದ ಮೇಲೆ ಹಾಲು ಕುಡಿದೆಯಾ ಎಂದು ವಿಚಾರಿಸಿ, ಒಂದು ಎಣ್ಣೆಯ ಹೆಸರು ಹೇಳಿ ಹೋಗುತ್ತಿದ್ದರು. ಅಮೆರಿಕದವರು ಬಹಳ ಸಭ್ಯರು, ನನ್ನ ಕಿವಿಯ ಜೊತೆ ಮಾತಾಡುತ್ತಾರೆ. ಎರಡಕ್ಕೂ ನಾನು ಒಗ್ಗಿಕೊಂಡಿದ್ದೆ. ಆದರೆ ಕಿವಿಯನ್ನೂ ನೋಡದೆ ಕೀಬೋರ್ಡಿನವರೆಗೆ ಇಳಿದವನು ಶಾರೀಕ್ ಒಬ್ಬನೇ. ಇವನಿಗೆ ನನ್ನನ್ನು ಕಂಡರೆ ಅಷ್ಟೊಂದು ಅಸಹ್ಯವೇ ಎಂದು ನಾನು ಮೊದಲ ವಾರವೇ ತೀರ್ಮಾನಿಸಿದೆ.

ಕಷ್ಟವೆಂದರೆ, ಅವನ ಮಾತು ನನಗೆ ತುಂಬಾ ಇಷ್ಟವಾಗತೊಡಗಿತ್ತು.

ನಮ್ಮಿಬ್ಬರ ಮನೆಮಾತು ಉರ್ದು. ಆದರೆ ಆಫೀಸಿನಲ್ಲಿ ಉರ್ದು ಆಡಿದರೆ ಪಕ್ಕದ ಕ್ಯೂಬಿಕಲ್ಲಿನ ಡೆಲ್ಲಿಯವನಿಗೆ ಪೂರ್ತಿ ಅರ್ಥವಾಗುತ್ತಿತ್ತು. ಅವನ ಕಿವಿ ಬೇರೆ ಚುರುಕು. ಆದ್ದರಿಂದ ಗುಟ್ಟಿನ ಮಾತಿಗೆಲ್ಲ ಕನ್ನಡ ಎಂದು ನಾವು ಒಪ್ಪಂದ ಮಾಡಿಕೊಂಡೆವು. ಮ್ಯಾನೇಜರನ್ನು ಆಡಿಕೊಳ್ಳಲಿಕ್ಕೆ, ಡೆಡ್‌ಲೈನಿಗೆ ಶಾಪ ಹಾಕಲಿಕ್ಕೆ, ಊಟಕ್ಕೆ ಏನು ತಂದಿದ್ದೀರಿ ಎಂದು ಕೇಳಲಿಕ್ಕೆ, ಎಲ್ಲಕ್ಕೂ ಕನ್ನಡ. ಮ್ಯಾನೇಜರು ನಿಹಾರಿಕಾ, ಎಲ್ಲರ ಬಾಯಲ್ಲಿ ನಿಕ್ಕಿ. ಇಲ್ಲಿಯೇ ಹುಟ್ಟಿ ಬೆಳೆದವಳು, ಅವಳ ಬಾಯಲ್ಲಿ ಇಂಗ್ಲಿಷು ಬಿಟ್ಟು ಬೇರೆ ಭಾಷೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಡೆಡ್‌ಲೈನು ಹತ್ತಿರ ಬಂದಾಗ ನಮ್ಮ ಮೇಜುಗಳ ಮೇಲೆ ಎರಗುತ್ತಿದ್ದ ಅವಳಿಗೆ ನಾನು ಹಾರ್ಪಿ ಎಂದು ಹೆಸರಿಟ್ಟೆ. ಹಾರ್ಪಿ ಎಂದರೆ ಹೆಣ್ಣಿನ ಮುಖ, ಹದ್ದಿನ ರೆಕ್ಕೆ. ತಟ್ಟೆಯಲ್ಲಿದ್ದ ಊಟವನ್ನೂ ಕಿತ್ತುಕೊಂಡು ಹಾರುವ ಜೀವ.

"ಹಾರ್ಪಿ ಬಂದ್ಲು, ವಿಂಡೋ ಬದಲಾಯಿಸಿ," ಎನ್ನುತ್ತಿದ್ದೆ.

"ಬರ್ಲಿ ಬಿಡ್ರಿ. ಆಕಿ ಹೊಟ್ಟಿಪಾಡು ಆಕೀದು," ಎನ್ನುತ್ತಿದ್ದ ಅವನು.

ಶಾರೀಕ್ ಹಾಗೆಯೇ. ಯಾವ ರಾಕ್ಷಸನನ್ನು ಕೊಟ್ಟರೂ ಅವನ ಪರ ವಕಾಲತ್ತು ಹಾಕುತ್ತಿದ್ದ. ಒಂಟಿಗಣ್ಣಿನ ದೈತ್ಯ ಸೈಕ್ಲಾಪ್ಸ್‌ನನ್ನು ಸಾಯಿಸುವ ಪ್ರೋಗ್ರಾಮು ಬರೆಯಲು ಕೂತವನು ಅರ್ಧಕ್ಕೇ ನಿಲ್ಲಿಸಿ ನನ್ನ ಕಾಫಿ ಲೋಟದ ಕಡೆ ತಿರುಗಿದ.

"ನೀವs ವಿಚಾರ ಮಾಡ್ರಿ. ಅಂವ ದಿನಾಪೂರ್ತಿ ಕುರಿ ಕಾಯ್ದು ಮನಿಗೆ ಬಂದಾನ. ಬಂದ್ರ ಯಾರೋ ಒಳಗ ಹೊಕ್ಕು ಅವನ ಚೀಸು ತಿನ್ನಾಕತ್ತಾರ. ಸಿಟ್ಟು ಬರೂದಿಲ್ಲೇನು?"

"ಬಂದೋರನ್ನೇ ತಿಂದ್ಬಿಟ್ಟನಲ್ಲ ಮಾರಾಯ್ರೆ!"

"ಅದು ತಪ್ಪs. ತಪ್ಪಿಲ್ಲಂತ ಅನ್ನೂದಿಲ್ಲ. ಆದ್ರ ಇರೂದೊಂದು ಕಣ್ಣು, ಅದನ್ನೂ ಚುಚ್ಚಿ ಹೋದಾವ್ರು ಶೂರರಂತ. ಕುರಿಗಳ ಬೆನ್ನು ಸವರಿ ಸವರಿ ಅತ್ತನಂತ್ರೀ ಆಮ್ಯಾಲೆ."

ನಾನು ಸೈಕ್ಲಾಪ್ಸ್‌ನ ಪಕ್ಕದಲ್ಲಿ ಒಂದು ಕುರಿಮರಿ ಬರೆದುಕೊಟ್ಟೆ. ಅವನು ಅದು ದೈತ್ಯನ ಹಿಂದೆ ಕುಂಟುತ್ತ ಹೋಗುವಂತೆ ಮಾಡಿದ. ಆಟದಲ್ಲಿ ಅದಕ್ಕೆ ಏನೂ ಕೆಲಸವಿರಲಿಲ್ಲ. ಆದರೂ ನಾವಿಬ್ಬರೂ ಬಹಳ ಹೊತ್ತು ಅದು ಕುಂಟುವುದನ್ನು ನೋಡುತ್ತ ಕೂತೆವು.

ಮಿನೋಟಾರ್‌ನದ್ದೂ ಅದೇ ಪಾಡು. ಗೂಳಿಯ ತಲೆಯ ಮಗ ಹುಟ್ಟಿದನೆಂದು ರಾಜನೊಬ್ಬ ಮರ್ಯಾದೆಗೆ ಅಂಜಿ ಅವನನ್ನು ನೆಲದಡಿಯ ಸುತ್ತುದಾರಿಯಲ್ಲಿ ಮುಚ್ಚಿಟ್ಟ ಕಥೆ ಅದು. "ಅವನಿಗೊಂದು ಚಂದನ್ನ ಹೆಸರಿತ್ರೀ, ಆಸ್ಟೀರಿಯಸ್ ಅಂತ. ನಕ್ಷತ್ರದಂಥಾಂವ ಅಂತ ಅರ್ಥ," ಎಂದ ಶಾರೀಕ್. "ಒಬ್ರರ ಆ ಹೆಸರ್ಲೆ ಕರದಾರೇನು?"

ಹೀಗೆ ಮಾತಾಡುವವನ ಮೇಲೆ ಮನಸ್ಸಾಗದಿರಲು ನಾನೇನು ಕಲ್ಲೇ? ಮನಸ್ಸಾಯಿತು. ಅವನು ಅಮೆರಿಕದವರು ಬೆಳಿಗ್ಗೆ ಹಾಲಿಗೆ ಹಾಕಿ ತಿನ್ನುವ ಸಿಹಿ ಮಂಡಕ್ಕಿಯಲ್ಲಿ ಹುಬ್ಬಳ್ಳಿಯ ಗಿರಮಿಟ್ ಮಾಡಿ ತಂದ ದಿನ, ಅದು ಸಿಹಿಯಾಗಿ ಕೆಟ್ಟು ಹೋಗಿದ್ದರೂ ನಾನು ಡಬ್ಬಿ ಖಾಲಿ ಮಾಡಿದೆ. ಅವನು ನನ್ನ ಚಮಚವನ್ನೇ ನೋಡುತ್ತ, "ಸುಳ್ಳು ಹೇಳಬ್ಯಾಡ್ರಿ, ಚಂದ ಆಗಿಲ್ಲ," ಎಂದ. "ಚೆನ್ನಾಗಿದೆ ಅಂತ ನಾನೆಲ್ಲಿ ಹೇಳ್ದೆ? ಹಸಿವಾಗಿತ್ತು," ಎಂದೆ. ಅವನ ಕಿವಿ ಕೆಂಪಾಯಿತು. ಕಣ್ಣು ಮಾತ್ರ ಚಮಚ ಬಿಟ್ಟು ಮೇಲೆ ಬರಲಿಲ್ಲ.

ಇನ್ನೊಂದು ವಿಚಿತ್ರವಿತ್ತು. ನನ್ನ ಕಂಪ್ಯೂಟರು ಆಗಾಗ ಸುಮ್ಮನೆ ಸತ್ತುಹೋಗುತ್ತಿತ್ತು. ಪರದೆ ಕಪ್ಪಾಗಿ, ಮತ್ತೆ ಜೀವ ಬರಲು ಹೊತ್ತು ಹಿಡಿಯುತ್ತಿತ್ತು. ನಾನು ಅದಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಪಕ್ಕದಲ್ಲಿ ಕೂತ ಶಾರೀಕ್ ಆಗ ಒಂದು ಮಾತೂ ಆಡುತ್ತಿರಲಿಲ್ಲ, ಆ ಕಪ್ಪು ಗಾಜಿನ ಮುಂದೆ ಆರಾಮಾಗಿ ಕೂತಿರುತ್ತಿದ್ದ. ಹೊಸ ಕಂಪ್ಯೂಟರು ಕೇಳುತ್ತೇನೆ ಎಂದರೆ, "ಯಾಕ್ರೀ, ಇದಕ್ಕೇನಾಗೇತಿ?" ಎನ್ನುತ್ತಿದ್ದ.

ನಾನು ಇದ್ದದ್ದು ಆಫೀಸಿನಿಂದ ಅರ್ಧ ಗಂಟೆ ದೂರದ ನೆವಾರ್ಕ್‌ನಲ್ಲಿ, ಅಕ್ಕ ಖುರ್ಷಿದಾ ಮತ್ತು ಭಾವ ನಯೀಮ್ ಅವರ ಅಪಾರ್ಟ್‌ಮೆಂಟಿನಲ್ಲಿ. ಅಕ್ಕನನ್ನು ನಾವು ಆಪಾ ಎನ್ನುತ್ತೇವೆ. ದಿನಾ ಸಂಜೆ ಫ್ರೀವೇಯಲ್ಲಿ ಒಂದು ಕಡೆ ಟ್ರಕ್ಕು, ಇನ್ನೊಂದು ಕಡೆ ಟ್ರಕ್ಕು, ನಡುವೆ ನನ್ನ ಹಳೆಯ ಕಾರು. ಎಡಕ್ಕೆ ವಾಲಿದರೆ ಸ್ಕಿಲ್ಲಾ, ಬಲಕ್ಕೆ ವಾಲಿದರೆ ಕ್ಯಾರಿಬ್ಡಿಸ್ ಎಂದು ಭಾವನಿಗೆ ಹೇಳಿದ್ದೆ. ಮೊದಲನೆಯದು ಆರು ತಲೆಯ ರಾಕ್ಷಸಿ, ಎರಡನೆಯದು ಹಡಗು ನುಂಗುವ ಸುಳಿ ಎಂದು ವಿವರಿಸಿದ ಮೇಲೆ ಅವರು ನಕ್ಕು, "ಹಾಗಾದರೆ ನಡುವಿನ ಲೇನಿನಲ್ಲೇ ಇರು ತಾಯಿ," ಎಂದಿದ್ದರು.

ಅಕ್ಟೋಬರಿನ ಒಂದು ಸಂಜೆ ಮನೆಗೆ ಬಂದಾಗ ಆಪಾ ಬಾಗಿಲಲ್ಲಿಯೇ ನಿಂತಿದ್ದಳು. ಚಿಕಾಗೋದ ಸಲೀಮ್ ಎಂಬುವರ ಕಡೆಯಿಂದ ಮದುವೆಯ ವಿಷಯಕ್ಕೆ ಫೋನು ಬಂದಿತ್ತು. ಒಳ್ಳೆಯ ಮನೆತನ, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ನನ್ನ ಫೋಟೋ ಅವರಿಗೆ ಹೋಗಿತ್ತು, ಬಲಗಡೆಯಿಂದ ತೆಗೆದದ್ದು. ತೊನ್ನಿನ ಸಂಗತಿಯನ್ನು ಆಪಾ ಬಾಯಲ್ಲೇ ಹೇಳಿದ್ದಳು. ಅವಳು ಮೋಸ ಮಾಡುವವಳಲ್ಲ.

"ಪರವಾಗಿಲ್ಲ ಅಂದಿದ್ದಾರೆ!" ಎಂದಳು ಆಪಾ. ಅವಳು ಹೇಳಿದ್ದು ಉರ್ದುವಿನಲ್ಲಿ, ಆದರೆ ಆ ಮಾತು ಯಾವ ಭಾಷೆಯಲ್ಲೂ ಒಂದೇ. "ಅವರ ಚಾಚಾ ಇಲ್ಲೇ ಫ್ರೀಮಾಂಟಿನಲ್ಲಿದ್ದಾರಂತೆ. ಈ ಭಾನುವಾರ ಬಂದು ಮಾತು ಮುಗಿಸಿ ಹೋಗ್ತಾರೆ. ಮೆಹ್ರೂ, ಪರವಾಗಿಲ್ಲ ಅಂದಿದ್ದಾರೆ."

ಅವಳ ಕಣ್ಣಲ್ಲಿ ನೀರಿತ್ತು. ನಾನು ಸರಿ ಎಂದೆ. ಬೇರೆ ಏನು ಹೇಳಲಿ? ನನಗೆ ಬೇಕಾದವನು ನನ್ನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಹೇಳಲೇ?

ಶುಕ್ರವಾರ ಮಧ್ಯಾಹ್ನ ಮೆಡೂಸಾಳ ಆಟವನ್ನು ಎಲ್ಲರೂ ನೋಡುವ ಮೀಟಿಂಗು. ಮೆಡೂಸಾಳ ಕಥೆ ಶಾರೀಕ್‌ಗೆ ನಾನೇ ಹೇಳಿದ್ದೆ. ಅವಳು ಚೆಲುವೆ, ಅದರಲ್ಲೂ ಕೂದಲಿನ ಚೆಲುವೆ. ದೇವಿಯ ಗುಡಿಯಲ್ಲಿ ಸಮುದ್ರದ ದೇವರು ಅವಳ ಮೇಲೆ ಬಿದ್ದ. ದೇವಿಗೆ ಕೋಪ ಬಂತು, ಆದರೆ ಶಾಪ ತಟ್ಟಿದ್ದು ಮೆಡೂಸಾಳಿಗೆ. ಕೂದಲೆಲ್ಲ ಹಾವಾಯಿತು. ಅವಳ ಮುಖ ನೋಡಿದವರು ಕಲ್ಲಾಗುತ್ತ ಹೋದರು. ಕೊನೆಗೆ ವೀರನೊಬ್ಬ ಬಂದು, ಹೊಳೆಯುವ ಗುರಾಣಿಯಲ್ಲಿ ಅವಳ ಬಿಂಬ ನೋಡುತ್ತ, ಮಲಗಿದ್ದವಳ ತಲೆ ಕಡಿದ. ನಮ್ಮ ಆಟದಲ್ಲೂ ಅಷ್ಟೇ. ಮಗು ಗುರಾಣಿ ಹಿಡಿದು ಹತ್ತಿರ ಹೋಗಬೇಕು, ಅವಳು ಕಣ್ಣೆತ್ತಿದಾಗ ನೇರ ಎದುರಿದ್ದರೆ ಕಲ್ಲಾಗಬೇಕು.

ಆದರೆ ದೊಡ್ಡ ಪರದೆಯ ಮೇಲೆ ನನ್ನ ಮೆಡೂಸಾ ಕಣ್ಣೆತ್ತಲೇ ಇಲ್ಲ. ಟೆಸ್ಟು ಮಾಡುವವನು ಆಟದೊಳಗಿನ ವೀರನನ್ನು ಎದುರಿಗೆ ಒಯ್ದ, ಪಕ್ಕಕ್ಕೆ ಒಯ್ದ, ಕುಣಿಸಿದ. ಅವಳು ನೆಲ ನೋಡುತ್ತ ಕೂತೇ ಇದ್ದಳು. ಯಾರೂ ಕಲ್ಲಾಗಲಿಲ್ಲ.

"ಇದು ಬಗ್ಗಾ, ಪ್ರೋಗ್ರಾಮಿನ ತಪ್ಪಾ?" ಎಂದು ನಿಹಾರಿಕಾ ಇಂಗ್ಲಿಷಿನಲ್ಲಿ ಕೇಳಿದಳು.

"ಅಲ್ಲ. ಬೇಕಂತಲೇ ಹಾಗೆ ಬರೆದೆ," ಎಂದ ಶಾರೀಕ್, ಅವನೂ ಇಂಗ್ಲಿಷಿನಲ್ಲಿಯೇ, ಮೇಜಿನ ಅಂಚನ್ನು ನೋಡುತ್ತ.

ನನ್ನೊಳಗೆ ಏನೋ ಕಿತ್ತುಬಂತು. ತಿಂಗಳುಗಟ್ಟಲೆ ನುಂಗಿಕೊಂಡದ್ದು, ಎರಡೇ ದಿನದಲ್ಲಿ ಬರಲಿದ್ದ ಭಾನುವಾರ, ಎಲ್ಲವೂ ಒಟ್ಟಿಗೆ. ಮುಖದ ಮೇಲೆ ಮೀಟಿಂಗಿನ ನಗುವನ್ನು ಹಾಗೆಯೇ ಇಟ್ಟುಕೊಂಡು, ಆಫೀಸಿನ ವಿಷಯ ಮಾತಾಡುವವಳಂತೆ, ಕನ್ನಡದಲ್ಲಿ ಶುರುಮಾಡಿದೆ.

"ಶಾರೀಕ್, ಇವರ್ಯಾರಿಗೂ ಅರ್ಥ ಆಗಲ್ಲ, ಅದಕ್ಕೆ ಇಲ್ಲೇ ಕೇಳ್ತಿದೀನಿ. ನನ್ನ ಮುಖ ನೋಡಕ್ಕಂತೂ ನಿಮಗೆ ಆಗಲ್ಲ. ನಾನು ಬರೆದಿರೋ ಮುಖ ಕೂಡ ನಿಮ್ಮನ್ನ ನೋಡಬಾರದಾ?"

ಅವನು ಗಾಬರಿಯಾದ. ಆದರೆ ಅವನೂ ಹುಷಾರಿ. ಪೆನ್ನು ತೆಗೆದುಕೊಂಡು ಬೋರ್ಡಿನ ಮೇಲೆ ಸುಮ್ಮನೆ ಒಂದು ಬಾಣದ ಗುರುತು ಬರೆಯುತ್ತ ಉತ್ತರಿಸಿದ.

"ಏನ್ರೀ ಹಿಂಗಂತೀರಿ? ಆಕೀಗೆ ಯಾರನ್ನೂ ಕಲ್ಲು ಮಾಡೂ ಮನಸಿಲ್ಲ. ನೀವು ಬರ್ದ ಮುಖದಾಗs ಅದು ಕಾಣ್ತೈತಿ. ಅದಕ್ಕ ಕಣ್ಣು ಕೆಳಗ ಹಾಕ್ಯಾಳ. ಕಣ್ಣು ಕೆಳಗ ಹಾಕೂದು ಅಂದ್ರ ಅಸಹ್ಯ ಅಲ್ರೀ. ಎದುರಿನವ್ರಿಗೆ ಕೊಡೂ ಮರ್ಯಾದಿ ಅದು."

"ನನಗೆ ಅಂಥ ಮರ್ಯಾದೆ ಬೇಡ. ಭಾನುವಾರ ನನ್ನ ಮದುವೆ ಮಾತಾಡಕ್ಕೆ ಬರ್ತಿದಾರೆ. ಅವರು ನನ್ನ ಮುಖ ಪರವಾಗಿಲ್ಲ ಅಂದಿದಾರೆ. ನೀವು ಅಷ್ಟೂ ಅಂದಿಲ್ಲ."

ಬಾಣ ಬರೆಯುತ್ತಿದ್ದ ಕೈ ನಿಂತಿತು. "ಪರವಾಗಿಲ್ಲ ಅಂತೇನು?" ಎಂದ. ಆ ದನಿಯಲ್ಲಿದ್ದ ಸಿಟ್ಟನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ನಿಮ್ಮ ಮುಖ ದಿನಾ ನೋಡೀನ್ರೀ ನಾನು. ನೋಡಾಕಂತನs ಆಫೀಸಿಗೆ ಬರ್ತೀನಿ."

"ಯಾವಾಗ ನೋಡಿದ್ರಿ?"

"ನಿಮ್ಮ ಕಂಪ್ಯೂಟರು ಸತ್ತಾಗ. ಸ್ಕ್ರೀನು ಕಪ್ಪಾತಂದ್ರ ಅದ್ರೊಳಗ ನೀವು ಕಾಣಿಸ್ತೀರಿ. ಬೈಯಾಕತ್ತಿರ್ತೀರಿ. ಹುಬ್ಬು ಮ್ಯಾಲೆ ಹೋಗಿರ್ತಾವ. ನಿಮ್ಮ ತುಟಿ ಅಂಚಿನ ಆ ಸಣ್ಣ ಬಿಳಿ ಐತಲ್ಲ, ನೀವು ನಗೋ ಮೊದಲs ಅದು ನಗ್ತೈತಿ."

ನನ್ನ ಮೀಟಿಂಗಿನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಡೆಲ್ಲಿಯವನು ನಮ್ಮಿಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದ.

"ನೇರವಾಗಿ ನೋಡಿದ್ರೆ ಏನಾಗ್ತಿತ್ತು?"

"ನಮ್ಮ ಮನ್ಯಾಗ ಕಲಿಸಿದ್ದು ಹಂಗ್ರೀ. ಪರರ ಮನಿ ಹೆಣ್ಣುಮಕ್ಕಳನ್ನ ದಿಟ್ಟಿಸಿ ನೋಡಬಾರದು. ಲಗ್ನಕ್ಕ ಕೇಳಾಕ ಹೋದಾಗಷ್ಟ ಕಣ್ಣೆತ್ತಬೇಕು, ಅದೂ ಹಿರ್ಯಾರ ಎದುರು. ನಾ ಕಣ್ಣೆತ್ತಿದ್ರ ಕೇಳ್ದಂಗs ಆತು. ನೀವು ಒಲ್ಲೆ ಅಂದುಬಿಟ್ರ? ಆಮ್ಯಾಲೆ ಆ ಕಪ್ಪು ಸ್ಕ್ರೀನಿನೊಳಗೂ ನೋಡಾಕ ಬರ್ತಿದ್ದಿಲ್ಲ."

ಮೇಜಿನ ತುದಿಯಿಂದ ಒಂದು ಕೆಮ್ಮು ಕೇಳಿತು.

"ನಾನು..." ಎಂದಳು ನಿಹಾರಿಕಾ. ಒಂದೊಂದೇ ಪದ ಹುಡುಕಿ ಹುಡುಕಿ, ಅಮೆರಿಕದ ರಾಗದಲ್ಲಿ, ಕನ್ನಡದಲ್ಲಿ. "ನಾನು... ಹೊರಗೆ... ಹೋಗಬೇಕಾ?"

ನನಗೆ ಮೇಜಿನ ಕೆಳಗೆ ನುಸುಳಿಬಿಡೋಣ ಎನಿಸಿತು. ಶಾರೀಕ್‌ನ ಕೈಯಿಂದ ಪೆನ್ನು ಬಿತ್ತು.

"ಅಜ್ಜಿ ನಮ್ಮನೇಲೇ ಇದ್ರು. ಮಾತಾಡೋದು ಕಷ್ಟ. ಐ ಅಂಡರ್‌ಸ್ಟ್ಯಾಂಡ್ ಎವ್ರಿಥಿಂಗ್," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಹಾರ್ಪಿ ಅಂದ್ಯಲ್ಲ. ದಟ್ ಹರ್ಟ್, ಮೆಹ್ರೀನ್."

ಅವಳು ನಿಜವಾಗಿಯೂ ನೊಂದಿದ್ದಳು. ನಾನು ಎದ್ದು ಹೋಗಿ ಕ್ಷಮೆ ಕೇಳಿದೆ. ಅವಳು ನನ್ನ ಕೈ ಹಿಡಿದು ಅದುಮಿ, ಉಳಿದವರನ್ನೆಲ್ಲ ಊಟಕ್ಕೆ ಅಟ್ಟಿದಳು. ತಾನೂ ಹೊರಟಳು. ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ, "ಮೆಡೂಸಾ ಹೀಗೆಯೇ ಇರಲಿ. ಗೆಲ್ಲೋದು ಹೇಗೆ ಅಂತ ಬೇರೆ ದಾರಿ ಹುಡುಕೋಣ," ಎಂದು ಬಾಗಿಲು ಎಳೆದುಕೊಂಡಳು.

ಪರದೆಯ ಮೇಲೆ ಮೆಡೂಸಾ ನೆಲ ನೋಡುತ್ತಿದ್ದಳು. ಶಾರೀಕ್ ಕಾರ್ಪೆಟ್ಟು ನೋಡುತ್ತಿದ್ದ. ನಾನೊಬ್ಬಳೇ ನೋಡಬೇಕಾದ್ದನ್ನು ನೋಡುತ್ತಿದ್ದೆ.

"ನಾಳೆ ಶನಿವಾರ," ಎಂದೆ. "ನಮ್ಮನೆ ನೆವಾರ್ಕ್‌ನಲ್ಲಿ. ಆಪಾ ಇರ್ತಾಳೆ, ಭಾವ ಇರ್ತಾರೆ."

"ಬರ್ತೀನ್ರೀ," ಎಂದ. "ಹಿರ್ಯಾರ ಎದುರs ಕೇಳ್ತೀನಿ."

ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆಪಾ ಕುಣಿದಾಡುತ್ತಾಳೆ ಎಂದುಕೊಂಡರೆ ಅವಳು ಕುರ್ಚಿಯಲ್ಲಿ ಕುಸಿದು ಕೂತಳು.

"ಮೈಸೂರಿನಲ್ಲಿ ಎಷ್ಟು ಜನ ಬಂದು ಹೋದರು, ಮರೆತೆಯಾ?" ಎಂದಳು. "ಎಲ್ಲರೂ ಮೊದಲು ಚೆನ್ನಾಗಿಯೇ ಮಾತಾಡ್ತಿದ್ದರು. ಆಮೇಲೆ ನೀನು ಬೆಳಕಿಗೆ ಬರ್ತಿದ್ದೆ. ಅವರು ಎದ್ದು ಹೋದಮೇಲೆ ನೀನು ಕೋಣೆ ಸೇರ್ತಿದ್ದೆ. ಅಮ್ಮೀ ಮುಖ ನೋಡಿಕೊಂಡು ಇರ್ತಿದ್ದವಳು ನಾನು. ಈ ಹುಡುಗ ಕಪ್ಪು ಗಾಜಿನಲ್ಲಿ ನೋಡಿದನಂತೆ! ಕಪ್ಪು ಗಾಜಿನಲ್ಲಿ ಏನು ಕಾಣುತ್ತೆ? ನಾಳೆ ಹಗಲಲ್ಲಿ ನೋಡಿ ಅವನೂ ಎದ್ದು ಹೋದರೆ? ಅಷ್ಟರಲ್ಲಿ ಚಿಕಾಗೋದವರ ಕಿವಿಗೆ ಬಿದ್ದು ಅದೂ ಕೈತಪ್ಪಿದರೆ?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನಗೂ ಅದೇ ಭಯ. ಆ ರಾತ್ರಿ ನಾನು ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ನನ್ನ ಮುಖವನ್ನು ಅವನ ಕಣ್ಣಿನಿಂದ ನೋಡಲು ಪ್ರಯತ್ನಪಟ್ಟೆ. ಆಗಲಿಲ್ಲ.

ಶನಿವಾರ ಮಧ್ಯಾಹ್ನ ಆಪಾ ತನ್ನ ಫೌಂಡೇಶನ್ ಡಬ್ಬಿ ತಂದಳು. "ಸ್ವಲ್ಪವೇ ಹಚ್ಚು," ಎಂದಳು. ಬೇಡ ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಆದರೆ ಶಾರೀಕ್‌ಗೆಂದು ಇಟ್ಟ ಕುರ್ಚಿಯನ್ನು ಬಾಲ್ಕನಿಯ ಗಾಜಿನ ಬಾಗಿಲ ಪಕ್ಕಕ್ಕೆ ಎಳೆದಳು, ನನ್ನ ಕುರ್ಚಿಯನ್ನು ಬಿಸಿಲು ನೇರವಾಗಿ ಬೀಳುವ ಕಡೆ ಇಟ್ಟಳು. ನೋಡುವುದಾದರೆ ಪೂರ್ತಿ ನೋಡಲಿ ಎಂಬುದು ಅವಳ ಹಟ.

ಬಂದವರು ಇಬ್ಬರು. ಶಾರೀಕ್‌ನ ಕಡೆಯ ಹಿರಿಯರು ಈ ದೇಶದಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಹಿರಿಯಳಾಗಿ ಬಂದವಳು ನಿಹಾರಿಕಾ. ಶಾರೀಕ್‌ಗಿಂತ ಎರಡು ವರ್ಷ ಚಿಕ್ಕವಳಾದ ಅವಳು ಆಫೀಸಿನ ಕೋಟು ಹಾಕಿಕೊಂಡು, ಸಿಹಿಯ ಡಬ್ಬಿ ಹಿಡಿದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಒಂದು ಕನ್ನಡ ವಾಕ್ಯವನ್ನು ಆಪಾಳ ಮುಂದೆ ಒಪ್ಪಿಸಿದಳು.

"ಹುಡುಗ ತುಂಬಾ ಒಳ್ಳೆಯವನು. ಕೆಲಸ ಸ್ವಲ್ಪ ನಿಧಾನ."

ಭಾವ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಪಾ ನಗಲಿಲ್ಲ. ನಾನು ಚಹಾದ ಟ್ರೇ ಇಟ್ಟು ಬಿಸಿಲಿನ ಕುರ್ಚಿಯಲ್ಲಿ ಕೂತೆ. ಬಿಸಿಲು ಎಡಗೆನ್ನೆಯ ಮೇಲೆ ಬಿಸಿಯಾಗಿ ತಾಗುತ್ತಿತ್ತು.

ಶಾರೀಕ್ ಕಾರ್ಪೆಟ್ಟು ನೋಡುತ್ತಿದ್ದ.

ಚಹಾ ಆರುತ್ತಿತ್ತು. ಭಾವ ಟ್ರಾಫಿಕ್ಕಿನ ವಿಷಯ ಎತ್ತಿದರು, ಅದು ಅಲ್ಲಿಗೇ ನಿಂತಿತು. ಆಪಾಳ ಬೆರಳುಗಳು ದುಪಟ್ಟಾದ ಅಂಚನ್ನು ಹೊಸೆಯುತ್ತಿದ್ದವು. ಇವನಿಂದ ಆಗುವುದಿಲ್ಲ ಎನಿಸಿತು ನನಗೆ. ಕಪ್ಪು ಗಾಜಿನಲ್ಲಿ ಆದದ್ದು ಬಿಸಿಲಿನಲ್ಲಿ ಆಗುವುದಿಲ್ಲ.

ಆಗ ಅವನು ಆಪಾಳ ಪಾದಗಳ ಕಡೆ ಮುಖ ಮಾಡಿ ಉರ್ದುವಿನಲ್ಲಿ ಹೇಳಿದ: "ಆಪಾ, ನಾನು ಮೆಹ್ರೀನ್ ಅವರನ್ನು ಮದುವೆಗೆ ಕೇಳಲು ಬಂದಿದ್ದೇನೆ. ಅವರು ಒಪ್ಪಿದರೆ, ನೀವು ಒಪ್ಪಿದರೆ. ನೋಡಲು ಅಪ್ಪಣೆ ಇದೆಯೇ?"

ಕೇಳಿದ್ದು ಮೊದಲು, ನೋಡುವುದು ಆಮೇಲೆ. ಆಪಾಳ ಬೆರಳು ನಿಂತವು. ಇಷ್ಟು ವರ್ಷ ಬಂದವರೆಲ್ಲ ನೋಡಿದ ಮೇಲೆ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸಿದವರು.

"ಇದೆ," ಎಂದಳು.

ಅವನು ಕಣ್ಣೆತ್ತಿದ. ಮೊದಲು ನನ್ನ ಕೈಗೆ ಬಂತು ಆ ನೋಟ, ಆಮೇಲೆ ಗಲ್ಲಕ್ಕೆ, ತುಟಿಯ ಅಂಚಿಗೆ, ಅಲ್ಲಿ ಸ್ವಲ್ಪ ತಡೆದು ಕೆನ್ನೆಯ ಬಿಳಿಯ ಗುಂಟ ಮೇಲೇರಿ ಕಣ್ಣಿಗೆ ಬಂತು. ಅವನ ಕಣ್ಣು ತಿಳಿ ಕಂದು ಎಂದು ನನಗೆ ಗೊತ್ತಾದದ್ದು ಆಗಲೇ. ಅಷ್ಟು ತಿಂಗಳು ಪಕ್ಕದಲ್ಲಿ ಕೂತರೂ ನಾನದನ್ನು ಕಂಡಿರಲಿಲ್ಲ. ಮುಖ ತಿರುಗಿಸಬೇಕೆನಿಸಿತು. ತಿರುಗಿಸಲಿಲ್ಲ.

ಇದ್ದಕ್ಕಿದ್ದಂತೆ ಅವನ ಹುಬ್ಬು ಗಂಟಾಯಿತು. ಬೆರಳೆತ್ತಿ ತನ್ನ ಕೆನ್ನೆ ಮುಟ್ಟಿಕೊಂಡ, ಆಮೇಲೆ ಇನ್ನೊಂದು ಕೆನ್ನೆ.

"ಏನಾಯಿತು?" ಎಂದಳು ಆಪಾ. ಅವಳು ಅರ್ಧ ಎದ್ದೇಬಿಟ್ಟಿದ್ದಳು.

"ಇದು ಆ ಕಡಿ ಇತ್ತಲ್ರೀ!" ಎಂದ ಶಾರೀಕ್ ನನಗೆ, ಕನ್ನಡದಲ್ಲಿ, ಯಾರಿದ್ದಾರೆಂಬುದನ್ನೇ ಮರೆತು. "ನಾ ನೋಡಿದ್ದು ಪೂರ್ತಿ ಉಲ್ಟಾ ಐತಿ. ಗಾಜಿನೊಳಗ ಎಲ್ಲಾ ಅದಲಿಬದಲಿ. ಎಂಜಿನಿಯರಾಗಿ ನನಗಿಷ್ಟು ಹೊಳೀಲಿಲ್ಲ ನೋಡ್ರಿ!"

ನನಗೂ ಆಗಲೇ ಹೊಳೆದದ್ದು. ನನ್ನ ಮುಖವನ್ನು ಹಾಗೆ ಅದಲುಬದಲಾಗಿ ನೋಡಿರುವವರು ಇನ್ನೊಬ್ಬರೇ ಒಬ್ಬರು, ಅದು ನಾನು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನನಗೆ ಕಾಣುವ ಹೆಂಗಸನ್ನೇ ಇವನೂ ಅಷ್ಟು ದಿನ ನೋಡುತ್ತ ಕೂತಿದ್ದ. ಅವಳನ್ನು ನೋಡಲೆಂದೇ ಆಫೀಸಿಗೆ ಬರುತ್ತಿದ್ದ. ನಾನು ಬೆಳಿಗ್ಗೆ ಎದ್ದು ನೋಡಲು ಹೆದರುತ್ತಿದ್ದ ಅದೇ ಹೆಂಗಸು.

ಅಲ್ಲಿಯೇ, ಎಲ್ಲರ ಎದುರಿಗೆ, ನನಗೆ ಅಳು ಬಂತು.

"ಅಳಬ್ಯಾಡ್ರೀ," ಎಂದ ಅವನು. ಕಣ್ಣು ಕೆಳಗಿಳಿಸಲಿಲ್ಲ. "ಮತ್ತ ಮೊದಲಿಂದ ನೋಡಬೇಕಾತು, ಅಷ್ಟ. ನನ್ನ ಕೆಲಸ ನಿಧಾನ ಅಂತ ಮ್ಯಾಡಮ್ಮರು ಈಗರs ಹೇಳ್ಯಾರ. ಭಾಳ ಹೊತ್ತು ಹಿಡೀತೈತಿ ನೋಡ್ರಿ."

"ಹಿಡೀಲಿ," ಎಂದೆ, ಮೂಗು ಒರೆಸಿಕೊಳ್ಳುತ್ತ. "ನಾನು ಇಲ್ಲೇ ಕೂತಿರ್ತೀನಿ."

ಆಪಾಳಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಗೋಡೆಯ ಫೋನು ಎತ್ತಿ ಫ್ರೀಮಾಂಟಿನ ನಂಬರು ಒತ್ತಿದ ಸದ್ದು ಕೇಳಿತು. ನಾಳೆ ಬರುವ ತೊಂದರೆ ತೆಗೆದುಕೊಳ್ಳಬೇಡಿ, ನಮ್ಮ ಮೆಹ್ರೂಗೆ ಗಂಡು ಗೊತ್ತಾಯಿತು ಎಂದು ಆ ಕಡೆಯವರಿಗೆ ಹೇಳುವಾಗ ಅವಳ ದನಿ ಇಡೀ ಮನೆಗೆ ಕೇಳುವಷ್ಟು ಜೋರಾಗಿತ್ತು.